ನರ್ಸಮ್ಮನ್ನ ಕೇಳಿ: ಲಸಿಕೆ ಹಾಕಿಸ್ಕೊಂಡ ದಿನಗಳ ಪತ್ರಗಳು

ಹೋದ ತಿಂಗಳು ಒಬ್ರು ಕೊರೋನಾ ಲಸಿಕೆ ಸರ್ಟಿಫಿಕೇಟ್ ಇನ್ನೂ ಇಟ್ಕೋಬೇಕಾ ಅಂತ ಕೇಳಿದ್ರು, ಇಟ್ಕೊಳ್ಳಿ ಅದೇನು ಅನ್ನ ಕೇಳಲ್ಲ ಅಂತ ಬರೆದು, ಕೊನೇಲಿ ನಿಮಗೂ ಲಸಿಕೆ ಹಾಕಿಸ್ಕೊಂಡ ದಿನ ನೆನಪಿದ್ರೆ ಬರೀರಿ ಅಂದಿದ್ದೆ ಅಷ್ಟೇ. ಇಷ್ಟು ಪತ್ರ ಬರುತ್ತೆ ಅಂತ ನಾನಂದ್ಕೊಂಡಿರ್ಲಿಲ್ಲ. ನಾಲ್ಕು ವರ್ಷ ಒಳಗೇ ಇಟ್ಕೊಂಡಿದ್ದನ್ನ ಎಷ್ಟೋ ಜನ ಮೊದಲ ಸಲ ಹೇಳ್ಕೊಂಡಿದ್ದೀರಿ. ಹಾಗಾಗಿ ಮಂಡಿ ನೋವು, ಥೈರಾಯ್ಡ್ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ. ಹೊಸದಾಗಿ ಓದ್ತಿರೋರಿಗೆ ಒಂದು ಮಾತು, ನಾನು ಡಾಕ್ಟರ್ ಅಲ್ಲ, ತುಮಕೂರು ಜಿಲ್ಲೆಯ ಹಳ್ಳಿ ಪಿಎಚ್‌ಸಿಯಲ್ಲಿ, ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಎಎನ್‌ಎಂ ನರ್ಸ್ ಆಗಿ ಸರ್ವೀಸ್ ಮುಗಿಸಿದೋಳು. ಆ ಎರಡು ವರ್ಷ ಸೂಜಿ ಹಿಡಿದ ಕೈ ಇದು.

ಪ್ರಶ್ನೆ: ನಮಸ್ತೆ ಮೇಡಂ. 2021ರ ಮೇ ತಿಂಗಳಲ್ಲಿ ನನಗೆ 29 ವರ್ಷ. ಬೆಂಗಳೂರಲ್ಲಿ ಲಸಿಕೆ ಬುಕ್ ಮಾಡೋ ಕೋವಿನ್ ಓಪನ್ ಮಾಡಿದ್ರೆ ಸ್ಲಾಟ್ ಕಾಣಿಸೋದು, ಓಟಿಪಿ ಬರೋಷ್ಟ್ರಲ್ಲಿ ಫುಲ್. ಕೊನೆಗೆ ಸುತ್ತಮುತ್ತ ಜಿಲ್ಲೆಗಳ ಪಿನ್‌ಕೋಡ್ ಹಾಕಿ ಹಾಕಿ ಸುಮಾರು ನೂರು ಕಿಲೋಮೀಟರ್ ದೂರದ ಒಂದು ತಾಲ್ಲೂಕು ಆಸ್ಪತ್ರೇಲಿ ಸಿಕ್ತು, ನಾಲ್ಕು ಜನ ಫ್ರೆಂಡ್ಸ್ ಕಾರಲ್ಲಿ ಹೋದ್ವಿ, ಲಾಕ್‌ಡೌನ್ ಬೇರೆ, ಪೊಲೀಸ್ರಿಗೆ ಮೆಸೇಜ್ ತೋರಿಸಿದ್ಮೇಲೆ ಬಿಟ್ರು. ಅಲ್ಲಿ ಗೇಟ್ ಹತ್ರ ಊರ ಜನ ನಿಂತಿದ್ರು. ನನ್ನ ವಯಸ್ಸಿನ ಒಬ್ಬ ಹುಡುಗ ಆಧಾರ್ ಕಾರ್ಡ್ ಕೈಯಲ್ಲಿ ಹಿಡ್ಕೊಂಡು ನಮ್ಮೂರ ಆಸ್ಪತ್ರೆ ಲಸಿಕೆ ನಮಗಿಲ್ವಾ ಅಂತ ಸಿಸ್ಟರ್‌ನ ಕೇಳ್ತಿದ್ದ. ನಾವು ಹಾಕಿಸ್ಕೊಂಡು ತಲೆ ತಗ್ಗಿಸಿ ಕಾರ್ ಹತ್ತಿದ್ವಿ. ಆ ಹುಡುಗನ ಮುಖ ಇನ್ನೂ ಮರೆತಿಲ್ಲ. ನಾವು ಅವನ ಪಾಲಿಂದು ಕಿತ್ಕೊಂಡ್ವಾ?
(ಬೆಂಗಳೂರು)

ಉತ್ತರ: ಅಂಥ ಒಂದು ಗೇಟಿನ ಒಳಗಡೆ ನಾನೂ ಇದ್ದೆ ಕಣಪ್ಪ. ನಮ್ಮ ಪಿಎಚ್‌ಸಿಯಿಂದ ನನ್ನನ್ನ ತಾಲ್ಲೂಕು ಆಸ್ಪತ್ರೆಗೆ ಡೆಪ್ಯುಟೇಶನ್ ಹಾಕಿದ್ರು. 18 ದಾಟಿದೋರಿಗೆ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಶುರುವಾಗಿದ್ದು ಮೇ 10ಕ್ಕೆ, ದಾಸ್ತಾನು ಇಲ್ಲ ಅಂತ ನಿಲ್ಲಿಸಿದ್ದು ಮೇ 14ಕ್ಕೆ. ಆ ನಾಲ್ಕು ದಿನ ಬೆಳಿಗ್ಗೆ ಲಿಸ್ಟ್ ಪ್ರಿಂಟ್ ತೆಗೆದ್ರೆ ನಮ್ಮ ತಾಲ್ಲೂಕಿನ ಹೆಸರುಗಳನ್ನ ಬೆರಳಲ್ಲಿ ಎಣಿಸಬಹುದಿತ್ತು. ಹೊರಗಡೆ ನಮ್ಮೂರೋರು, ಒಳಗಡೆ ಬೆಂಗಳೂರೋರು. ಆ ವಯಸ್ಸಿನೋರಿಗೆ ಆನ್‌ಲೈನ್ ಬುಕಿಂಗ್ ಇಲ್ದೆ ಹಾಕೋ ಹಂಗೇ ಇರ್ಲಿಲ್ಲ, ಸ್ಥಳದಲ್ಲೇ ರಿಜಿಸ್ಟರ್ ಮಾಡ್ಕೊಳ್ಳಿ ಅಂತ ಕೇಂದ್ರದಿಂದ ಒಪ್ಪಿಗೆ ಬಂದಿದ್ದು ಮೇ 24ಕ್ಕೆ, ಅಷ್ಟೊತ್ತಿಗೆ ನಮ್ಮಲ್ಲಿ ಬಾಟ್ಲೇ ಇಲ್ಲ. ಆ ತಿಂಗಳ ಕೊನೇಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಕೇಳ್ತು, ಸ್ಮಾರ್ಟ್‌ಫೋನ್ ಇಲ್ದೋರು, ನೆಟ್‌ವರ್ಕ್ ಸಿಗದ ಹಳ್ಳಿಯೋರು ಎಲ್ಲಿಗೆ ಹೋಗ್ಬೇಕು ಅಂತ.

ಹಾಗಾಗಿ ತಪ್ಪು ನಿಯಮದ್ದು. ನಿಮಗೆ ಜೀವದ ಭಯ, ಇದ್ದ ಒಂದು ಬಾಗಿಲು ತಟ್ಟಿದ್ರಿ. ಆದ್ರೆ ಅದು ಅವನ ಪಾಲು ಅಲ್ವೇ ಅಲ್ಲ ಅಂತ ನಾನು ಹೇಳಲ್ಲ, ನಿಮ್ಮ ಮನಸ್ಸು ಸರಿಯಾದದ್ದನ್ನೇ ಕೇಳ್ತಿದೆ. ಜೂನ್ 21ರಿಂದ ಎಲ್ಲರಿಗೂ ಉಚಿತ ಅಂತಾದ್ಮೇಲೆ ನಿಧಾನಕ್ಕೆ ಸ್ಟಾಕ್ ಬಂತು, ಮಳೆಗಾಲದಲ್ಲಿ ನಾವು ಊರೂರಿಗೆ ಹೋಗಿ ಅರಳಿಕಟ್ಟೆ ಮೇಲೆ, ಸ್ಕೂಲ್ ಜಗಲೀಲಿ ಕೂತು ಹಾಕಿದ್ವಿ, ಮೇ ತಿಂಗಳಲ್ಲಿ ಗೇಟಿಂದ ವಾಪಸ್ ಹೋಗಿದ್ದ ಎಷ್ಟೋ ಹುಡುಗ್ರು ಬಂದು ತೋಳು ಕೊಟ್ರು. ಅವರಲ್ಲಿ ನಿಮ್ಮ ಆ ಹುಡುಗನಂಥೋನೂ ಇದ್ದ. ಈಗ್ಲೂ ಹಳ್ಳೀಲಿ ಪಿಂಚಣಿ, ಆಯುಷ್ಮಾನ್ ಕಾರ್ಡು, ಎಲ್ಲಾದಕ್ಕೂ ಅದೇ ಓಟಿಪಿ ಕಾಟ ಇದ್ದೇ ಇದೆ. ಊರಿಗೆ ಹೋದಾಗ ಒಂದು ಮಧ್ಯಾಹ್ನ ನಿಮ್ಮ ಫೋನ್ ಹಿಡ್ಕೊಂಡು ಯಾರದಾದ್ರೂ ಜಗಲೀಲಿ ಕೂತ್ಕೊಳ್ಳಿ.

ಪ್ರಶ್ನೆ: ಮೊದಲನೇ ಡೋಸಿಗೆ ಬೆಳಿಗ್ಗೆ ಐದಕ್ಕೇ ಹೋಗಿ ಸಾಲಲ್ಲಿ ಚಪ್ಪಲಿ ಬಿಟ್ಟು ಬೇವಿನ ಮರದ ಕೆಳಗೆ ಕೂತಿದ್ವಿ. 28 ದಿನಕ್ಕೆ ಬನ್ನಿ ಮೇಷ್ಟ್ರೇ ಅಂದ್ರು. ಆಮೇಲೆ ಆರರಿಂದ ಎಂಟು ವಾರ ಅಂದ್ರು. ಆಮೇಲೆ 84 ದಿನ ಅಂದ್ರು. ಲಸಿಕೆ ಇಲ್ಲ ಅನ್ನೋದಕ್ಕೆ ವಿಜ್ಞಾನದ ನೆಪ ಹೇಳಿದ್ರು ಅಂತ ನನಗೆ ಇವತ್ತಿಗೂ ಅನುಮಾನ.
(ನಿವೃತ್ತ ಶಿಕ್ಷಕರು, ಕಡೂರು)

ಉತ್ತರ: ಮೇಷ್ಟ್ರೇ, ಎರಡೂ ನಿಜ. ಕೋವಿಶೀಲ್ಡ್ ಅಂತರ ಹೆಚ್ಚಿದಷ್ಟೂ ರಕ್ಷಣೆ ಚೆನ್ನಾಗಿ ಬರುತ್ತೆ ಅನ್ನೋದು 2021ರ ಫೆಬ್ರವರೀಲೇ ಹೊರಗೆ ಬಂದಿತ್ತು, ಈ ಲಸಿಕೆ ಕಂಡುಹಿಡಿದ ಆಕ್ಸ್‌ಫರ್ಡಿನೋರ ಪರೀಕ್ಷೆಗಳಲ್ಲಿ ಆರು ವಾರದೊಳಗೆ ಎರಡನೇ ಡೋಸ್ ತಗೊಂಡೋರಲ್ಲಿ ರಕ್ಷಣೆ ಶೇ 55ರಷ್ಟು, ಹನ್ನೆರಡು ವಾರ ದಾಟಿದೋರಲ್ಲಿ ಶೇ 81ರಷ್ಟು. ನಮ್ಮಲ್ಲಿ ಅಂತರ ಮೊದಲ ಸಲ ಬದಲಾಗಿದ್ದು ಮಾರ್ಚ್ 22ಕ್ಕೆ, 12ರಿಂದ 16 ವಾರ ಅಂತಾಗಿದ್ದು ಮೇ 13ಕ್ಕೆ. ಆದ್ರೆ ಅದೇ ವಾರ ಬಾಟ್ಲು ಖಾಲಿ ಆಗಿತ್ತು ನೋಡಿ, ಜನ ಹೆಂಗೆ ನಂಬ್ತಾರೆ? ನಮಗೆ ಸಂಜೆ ವಾಟ್ಸಾಪಲ್ಲಿ ಆರ್ಡರ್ ಬರೋದು, ಬೆಳಿಗ್ಗೆ ಸಾಲಲ್ಲಿ ನಿಂತ ಮುನ್ನೂರು ಜನಕ್ಕೆ ನಾವು ಹೇಳ್ಬೇಕು. ಕಾರಣ ಬಿಡಿಸಿ ಹೇಳೋಕೆ ಪುರುಸೊತ್ತಿಲ್ದೆ ಹೋಗಿ ಅಮ್ಮ ಇವತ್ತಿಲ್ಲ ಅಂತ ಕಳಿಸಿದ್ದೀನಿ, ಆ ಒರಟು ಮಾತು ನಂದೂ ಇದೆ. ನಿಮ್ಮನ್ನ ಕಳಿಸಿದೋರ ಪರವಾಗಿ ಕ್ಷಮೆ ಇರ್ಲಿ.

ಪ್ರಶ್ನೆ: ಅಕ್ಕಾ, ಇದನ್ನ ಯಾರ ಹತ್ರಾನೂ ಹೇಳಿಲ್ಲ. ಅಪ್ಪಂಗೆ ಆಗ 58, ಶುಗರ್ ಇತ್ತು. ಮಾರ್ಚಲ್ಲಿ ಆಶಾ ಅಕ್ಕ ಮನೆಗೆ ಬಂದು ಶುಗರ್ ಇರೋರಿಗೆ ಈಗ್ಲೇ ಹಾಕ್ತಾರೆ ಡಾಕ್ಟರ್ ಚೀಟಿ ತಗೊಂಡು ಬನ್ನಿ ಅಂದ್ರು, ಅಪ್ಪ ಹೊರಟೂ ಆಗಿತ್ತು, ಶರ್ಟ್ ಹಾಕ್ಕೊಂಡು ಚಪ್ಪಲಿ ಮೆಟ್ಟಿದ್ರು. ಅವತ್ತೇ ಟೀವೀಲಿ ಜರ್ಮನಿ ಫ್ರಾನ್ಸಲ್ಲಿ ಈ ಲಸಿಕೆ ನಿಲ್ಲಿಸಿದ್ದಾರೆ ರಕ್ತ ಹೆಪ್ಪುಗಟ್ಟುತ್ತಂತೆ ಅಂತ ಬಂತು. ನಾನೇ ಬೇಡಪ್ಪ ಸ್ವಲ್ಪ ದಿನ ನೋಡೋಣ ಅಂದೆ. ನಾನು ಓದಿದೋಳು ಅಂತ ಅಪ್ಪ ನನ್ನ ಮಾತು ಕೇಳಿ ಶರ್ಟ್ ಬಿಚ್ಚಿ ಗೂಟಕ್ಕೆ ಹಾಕಿದ್ರು. ಏಪ್ರಿಲ್ ಕೊನೇಲಿ ಜ್ವರ ಬಂತು, ಬೆಡ್ ಹುಡುಕೋದ್ರಲ್ಲೇ ಎರಡು ದಿನ ಹೋಯ್ತು, ಮೇ ತಿಂಗಳಲ್ಲಿ ಹೋಗ್ಬಿಟ್ರು. ಅಮ್ಮ ಈಗ್ಲೂ ಹಬ್ಬ ಬಂತು ಅಂದ್ರೆ ಅವತ್ತೇ ಹೋಗಿ ಹಾಕಿಸ್ಕೊಂಡು ಬಂದಿದ್ರೆ ಅಂತಾರೆ. ಬೇಡ ಅಂದಿದ್ದು ನಾನು ಅಂತ ಅಮ್ಮಂಗೆ ಗೊತ್ತಿಲ್ಲ. ಹಾಕಿಸಿದ್ರೆ ಅಪ್ಪ ಉಳೀತಿದ್ರಾ ಅಕ್ಕ? ಸುಳ್ಳು ಹೇಳ್ಬೇಡಿ.
(ಹೆಸರು, ಊರು ಬೇಡ)

ಉತ್ತರ: ಪುಟ್ಟೀ, ನಿನ್ನ ಪತ್ರ ಇಟ್ಕೊಂಡು ಮೂರು ದಿನ ಸುಮ್ನೆ ಕೂತಿದ್ದೆ. ಸುಳ್ಳು ಹೇಳಲ್ಲ. ಹಾಕಿಸಿದ್ರೆ ಅಪ್ಪಂಗೆ ಉಳಿಯೋ ಅವಕಾಶ ಜಾಸ್ತಿ ಇರ್ತಿತ್ತು, ಅದು ನಿಜ. ಉಳೀತಿದ್ರು ಅಂತ ಯಾರಿಂದಾನೂ ಹೇಳೋಕಾಗಲ್ಲ, ಇದೂ ಅಷ್ಟೇ ನಿಜ. ಮಾರ್ಚ್ ಮಧ್ಯದಲ್ಲಿ ಒಂದು ಡೋಸ್ ಹಾಕಿಸಿದ್ರೂ ಏಪ್ರಿಲ್ ಕೊನೆಗೆ ಇರ್ತಿದ್ದಿದ್ದು ಅರ್ಧ ರಕ್ಷಣೆ, ಬಂದಿದ್ದು ಕೊರೋನಾದ ಡೆಲ್ಟಾ ತಳಿ, ಶುಗರ್ ಬೇರೆ. ಒಂದೇ ಡೋಸ್ ಆಗಿದ್ದೋರು ಹೋಗಿದ್ದನ್ನೂ ನೋಡಿದ್ದೀನಿ, ಒಂದೂ ಇಲ್ದೆ ಐಸಿಯುನಿಂದ ನಡ್ಕೊಂಡು ಹೊರಗೆ ಬಂದೋರನ್ನೂ ನೋಡಿದ್ದೀನಿ.

ನೀನು ಬೇಡ ಅಂದ ದಿನ ನೆನಪಿಗೆ ತಂದ್ಕೋ. ಮಾರ್ಚ್ 15ಕ್ಕೆ ಜರ್ಮನಿ, ಫ್ರಾನ್ಸ್, ಇಟಲಿ ಸರ್ಕಾರಗಳೇ ತಡೆ ಹಿಡಿದಿದ್ವು. ದೊಡ್ಡ ದೊಡ್ಡ ತಜ್ಞರು ಕೂತಿರೋ ಸರ್ಕಾರಗಳು. ನೀನು ಒಬ್ಬ ಮಗಳು, ಟೀವಿ ಮುಂದೆ, ಅಪ್ಪಂಗೆ ಏನಾದ್ರೂ ಆದ್ರೆ ಅಂತ ಹೆದರಿದೆ. ಮೂರು ದಿನಕ್ಕೇ ಯುರೋಪಿನ ಔಷಧ ಸಂಸ್ಥೆ ಇದರಿಂದ ಉಪಯೋಗಾನೇ ಹೆಚ್ಚು ಅಂತ ಹೇಳ್ತು, ಅವರೆಲ್ಲ ಮತ್ತೆ ಶುರು ಮಾಡಿದ್ರು, ಆದ್ರೆ ನಿಲ್ಲಿಸಿದ ಸುದ್ದಿ ಬಂದಷ್ಟು ಜೋರಾಗಿ ಶುರುವಾದ ಸುದ್ದಿ ನಮ್ಮ ಮನೆಗಳಿಗೆ ಬರ್ಲಿಲ್ಲ. ನಿನಗೆ ಅದನ್ನ ಯಾರೂ ಬಂದು ಹೇಳ್ಲಿಲ್ಲ. ಅದು ನಮ್ಮ ಇಲಾಖೆಯೋರ ಕೆಲಸ ಆಗಿತ್ತು.

ನನ್ನದೂ ಒಂದು ಹೇಳ್ತೀನಿ. ಜನವರಿ 16, ಶನಿವಾರ, ಮೊದಲ ದಿನ, ನಮಗೇ ಮೊದಲು ಹಾಕಿದ್ದು. ನೂರಾರು ಮಕ್ಕಳಿಗೆ ಸೂಜಿ ಚುಚ್ಚಿದ ನಾನು ಕುರ್ಚೀಲಿ ಕೂತಾಗ ಸೀರೆ ಸೆರಗು ಮುಷ್ಟೀಲಿ ಹಿಡ್ಕೊಂಡಿದ್ದೆ, ಅರ್ಧ ಗಂಟೆ ಅಬ್ಸರ್ವೇಶನ್ ರೂಮಲ್ಲಿ ಗೋಡೆ ಗಡಿಯಾರ ಬಿಟ್ಟು ಬೇರೇನೂ ನೋಡ್ಲಿಲ್ಲ. ಅದಾದ್ಮೇಲೂ ನಮ್ಮ ಭಾವ ಫೋನ್ ಮಾಡಿ ಹಾಕಿಸ್ಕೊಳ್ಳೋದಾ ಅಂತ ಕೇಳಿದಾಗ ಯುಗಾದಿ ಕಳೀಲಿ ಬಿಡಿ ಭಾವ, ಜ್ವರ ಬರುತ್ತೆ, ಹಬ್ಬ ಕೆಡುತ್ತೆ ಅಂದೆ. ಯುಗಾದಿ ಕಳೀತು, ಅವ್ರಿಗೆ ಪಾಸಿಟಿವ್ ಬಂತು. ಅವರು ಉಳಿದ್ರು. ಉಳಿದ್ರು ಅನ್ನೋ ಒಂದೇ ಕಾರಣಕ್ಕೆ ಆ ಮಾತು ನನ್ನ ತಲೇಲಿ ಕೂರ್ಲಿಲ್ಲ. ನೀನಂದಿದ್ದೂ ಅದೇ ಥರದ ಮಾತು ತಾಯಿ.

ಅಮ್ಮಂಗೆ ಹೇಳು. ಹಬ್ಬದ ದಿನ ಬೇಡ, ಇನ್ನೊಬ್ರು ಹತ್ತಿರದೋರು, ಚಿಕ್ಕಮ್ಮನೋ ಅತ್ತೆನೋ ಮನೇಲಿ ಇರೋ ದಿನ ಹೇಳು. ಅಳ್ತಾರೆ, ಬೈದ್ರೂ ಬೈಬಹುದು. ಆದ್ರೆ ಅವತ್ತೇ ಹೋಗಿದ್ರೆ ಅಂತ ಅವರು ಅನ್ನೋದು ನಿನ್ನನ್ನಲ್ಲ, ಕಳಿಸ್ಲಿಲ್ವಲ್ಲ ಅಂತ ಅವ್ರು ತಮ್ಮನ್ನೇ ಅಂದ್ಕೊಳ್ತಿರಬಹುದು, ಯೋಚ್ನೆ ಮಾಡು. ಒಂದೇ ಮನೇಲಿ ಇಬ್ರೂ ಬೇರೆ ಬೇರೆ ಮೂಲೇಲಿ ಅದನ್ನೇ ಹೊತ್ಕೊಂಡಿದ್ದೀರೇನೋ. ರಾತ್ರಿ ನಿದ್ದೆ ಬರ್ದೆ ಇದೇ ತಿರುಗ್ತಿದ್ರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ್ದೇ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನನಗೂ ಇನ್ನೊಂದ್ಸಲ ಬರಿ.

ಪ್ರಶ್ನೆ: ಎರಡನೇ ಡೋಸ್ ಹಾಕಿಸ್ಕೊಳ್ದೇನೇ ಯಶಸ್ವಿಯಾಗಿ ಹಾಕಲಾಗಿದೆ ಅಂತ ಮೆಸೇಜ್ ಬಂದಿತ್ತು. ಹೋಗಿ ಕೇಳಿದ್ರೆ ಬೈದು ಕಳಿಸಿದ್ರು. ಇದು ಹೆಂಗಾಯ್ತು?
(ಗೌರಿಬಿದನೂರು)

ಉತ್ತರ: ಗುರಿ ಮುಟ್ಟಿಸೋ ಒತ್ತಡ, ನಂಬರ್ ತಪ್ಪು ಎಂಟ್ರಿ, ಒಂದೇ ಫೋನ್ ನಂಬರಿಗೆ ನಾಲ್ಕು ಜನ ಸೇರಿರೋದು, ಇವಿಷ್ಟೂ ಇತ್ತು. ಕೆಲವು ಕಡೆ ಬೇಕಂತಲೇ ಮಾಡಿದ್ದೂ ಇರಬಹುದು, ಅದನ್ನ ನಾನು ಮುಚ್ಚಿಡಲ್ಲ. ಕೇಳಿದೋರಿಗೆ ಬೈದಿದ್ದಂತೂ ತಪ್ಪೇ ತಪ್ಪು.

ಪ್ರಶ್ನೆ: ಹಾಸನ ಜಿಲ್ಲೆಯೋರು ನಾವು. 2025ರ ಜೂನಲ್ಲಿ ದಿನಾ ಬೆಳಗಾದ್ರೆ ಒಬ್ಬರು ಹಾರ್ಟ್ ಅಟ್ಯಾಕ್ ಅಂತ ಸುದ್ದಿ, ಎಲ್ಲಾ ಚಿಕ್ಕ ವಯಸ್ಸಿನೋರು. ನಮ್ಮ ಯಜಮಾನ್ರಿಗೆ 41, ಎರಡು ಡೋಸ್ ಪ್ಲಸ್ ಬೂಸ್ಟರ್ ಆಗಿದೆ, ರಾತ್ರಿ ಮಲಗಿದ್ರೆ ಎದೆ ಮೇಲೆ ಕೈ ಇಟ್ಕೊಂಡೇ ಮಲಗ್ತಾರೆ. ಕಂಪನಿಯೋರೇ ಲಂಡನ್ ಕೋರ್ಟಲ್ಲಿ ಒಪ್ಕೊಂಡ್ರಲ್ಲ ಅಂತಾರೆ. ನೀವು ಹಾಕಿದೋರು, ನೀವೇ ಹೇಳಿ.

ಉತ್ತರ: ಹಾಕಿದೋಳಾಗೇ ಹೇಳ್ತೀನಮ್ಮ. ಮೊದಲು ಕೋರ್ಟ್ ವಿಷಯ. ಕೋವಿಶೀಲ್ಡ್ ಥರದ ಲಸಿಕೇಲಿ ತುಂಬಾ ತುಂಬಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯೋ ತೊಂದರೆ ಬರಬಹುದು, ಇದು ನಿಜ, ಇದು 2021ರಲ್ಲೇ ಗೊತ್ತಿತ್ತು, 2024ರಲ್ಲಿ ಕೋರ್ಟ್ ಕಾಗದದಲ್ಲಿ ಬಂದಾಗ ಹೊಸದಾಗಿ ಸುದ್ದಿ ಆಯ್ತು. ಆದ್ರೆ ಅದು ಬರೋದಿದ್ರೆ ಡೋಸ್ ಆದ ಮೊದಲ ಕೆಲವು ವಾರದಲ್ಲಿ ಬರುತ್ತೆ. ನಾಲ್ಕು ವರ್ಷ ದೇಹದಲ್ಲಿ ಕೂತಿದ್ದು ಆಮೇಲೆ ಎದ್ದು ಬರೋ ಅಂಥದ್ದಲ್ಲ.

ಇನ್ನು ಹಾರ್ಟ್ ಅಟ್ಯಾಕ್. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನೋರು 2023ರಲ್ಲಿ ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನೋರ ದಿಢೀರ್ ಸಾವುಗಳನ್ನ ತೆಗೆದು ನೋಡಿದ್ರು. ಲಸಿಕೆಯಿಂದ ಅಪಾಯ ಹೆಚ್ಚಾಗಿರ್ಲಿಲ್ಲ, ಎರಡು ಡೋಸ್ ಆದೋರಲ್ಲಿ ಕಮ್ಮಿನೇ ಇತ್ತು. ಹೆಚ್ಚಾಗಿದ್ದು ಯಾರಲ್ಲಿ ಅಂದ್ರೆ ಕೊರೋನಾ ಬಂದು ಆಸ್ಪತ್ರೆ ಸೇರಿದ್ದೋರಲ್ಲಿ, ಮನೇಲಿ ಮೊದಲೇ ಅಂಥ ಸಾವು ಆಗಿದ್ದೋರಲ್ಲಿ, ಸಾಯೋಕೆ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿದಿದ್ದೋರಲ್ಲಿ, ಮೈಮುರಿಯೋ ಹಂಗೆ ವ್ಯಾಯಾಮ ಮಾಡಿದ್ದೋರಲ್ಲಿ. ನಮ್ಮ ರಾಜ್ಯ ಸರ್ಕಾರ ನೇಮಿಸಿದ ಜಯದೇವದ ತಜ್ಞರ ಸಮಿತೀನೂ 251 ರೋಗಿಗಳನ್ನ ನೋಡಿ 2025ರ ಜುಲೈನಲ್ಲಿ ಲಸಿಕೆಗೂ ಇದಕ್ಕೂ ಸಂಬಂಧ ಕಂಡಿಲ್ಲ ಅಂತ ವರದಿ ಕೊಡ್ತು. ಕಂಡಿದ್ದು ಬೀಡಿ ಸಿಗರೇಟು, ಬಿಪಿ, ಶುಗರ್.

ನನಗೆ ಸಂಕಟ ಆಗೋದು ಯಾಕೆ ಗೊತ್ತಾ, ಲಸಿಕೆ ಮೇಲೆ ಹಾಕಿ ಸುಮ್ನಾದ್ರೆ ಸಿಗರೇಟು ಹಂಗೇ ನಡೆಯುತ್ತೆ. ನಿಮ್ಮ ಯಜಮಾನ್ರದ್ದು ಬಿಪಿ, ಶುಗರ್, ಕೊಲೆಸ್ಟ್ರಾಲ್ ಈ ವಾರಾನೇ ನೋಡಿಸಿ, ಸೇದ್ತಿದ್ರೆ ಬಿಡಿಸಿ. ಎದೆ ಹಿಂಡಿದ ಹಂಗೆ ನೋವು, ಎಡಗೈಗೋ ದವಡೆಗೋ ಎಳೆಯೋದು, ತಣ್ಣಗೆ ಬೆವರೋದು ಬಂದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸ್ಕೊಂಡು ಕೂರ್ಬೇಡಿ. ನೇರ ತಾಲ್ಲೂಕು ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೇಲಿ ಅಲ್ಲೇ ಇಸಿಜಿ ತೆಗೀತಾರೆ, ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಆ ಮೊದಲ ಗಂಟೇನೇ ಜೀವ.

ಪ್ರಶ್ನೆ: 2021ರ ಆಗಸ್ಟಲ್ಲಿ ನಾನು ಐದು ತಿಂಗಳ ಬಸುರಿ. ಅತ್ತೆ ಬೇಡವೇ ಬೇಡ ಅಂದಿದ್ರು, ಸ್ಕ್ಯಾನಿಂಗಿಗೆ ಅಂತ ಹೋದಾಗ ಕೇಳ್ದೇ ಹಾಕಿಸ್ಕೊಂಡೆ. ಈಗ ಮಗೂಗೆ ನಾಲ್ಕು ವರ್ಷ ಆಗ್ತಾ ಬಂತು, ತಿಂಗಳಿಗೊಂದ್ಸಲ ಶೀತ ಕೆಮ್ಮು. ಅವತ್ತು ಚುಚ್ಚಿಸ್ಕೊಂಡಿದ್ದಕ್ಕೇ ಅಂತ ಅತ್ತೆ ಎದುರು ಮನೆಯೋರಿಗೆಲ್ಲ ಹೇಳ್ತಾರೆ.
(ಭದ್ರಾವತಿ)

ಉತ್ತರ: ಮಗು ಅಂಗನವಾಡಿಗೋ ಎಲ್‌ಕೆಜಿಗೋ ಹೋಗ್ತಿದೆ ತಾನೇ? ಆ ವಯಸ್ಸಲ್ಲಿ ವರ್ಷಕ್ಕೆ ಆರೆಂಟು ಸಲ ಶೀತ ಆಗೋದು ಮಾಮೂಲು, ಲಸಿಕೆ ಹಾಕಿಸ್ಕೊಳ್ದೇ ಇರೋ ತಾಯಂದಿರ ಮಕ್ಕಳಿಗೂ ಆಗುತ್ತೆ. ತೂಕ ಸರಿಯಾಗಿ ಏರ್ತಿದ್ದು ಆಟ ಆಡ್ಕೊಂಡಿದ್ರೆ ಹೆದರ್ಬೇಡಿ. ಉಬ್ಬಸ ಬಂದ್ರೆ, ಪಕ್ಕೆ ಒಳಗೆ ಎಳೆದ್ರೆ ಡಾಕ್ಟರಿಗೆ ತೋರಿಸಿ. ಬಸುರಿಯರಿಗೆ ಹಾಕಬಹುದು ಅಂತ ಒಪ್ಪಿಗೆ ಬಂದಿದ್ದೇ 2021ರ ಜುಲೈ 2ಕ್ಕೆ, ಯಾಕಂದ್ರೆ ತುಂಬಿದ ಬಸುರೀಲಿ ಕೊರೋನಾ ಬಂದೋರು ಬೇರೆಯೋರಿಗಿಂತ ಬೇಗ ಸೀರಿಯಸ್ ಆಗ್ತಿದ್ರು. ಎರಡನೇ ಅಲೇಲಿ ತಾಯಿ ಇಲ್ದ ಮಗೂನ ಅಜ್ಜಿ ಕೈಗೆ ಕೊಟ್ಟು ಬಂದ ದಿನ ನನಗೆ ಗೊತ್ತು. ನೀವು ನಿಮ್ಮಿಬ್ಬರನ್ನೂ ಕಾಪಾಡ್ಕೊಂಡ್ರಿ. ಅತ್ತೆಯೋರ ಮುಂದೆ ವಾದಕ್ಕೆ ನಿಲ್ಬೇಡಿ, ಮುಂದಿನ ಸಲ ಮಗೂನ ತೋರಿಸೋಕೆ ಹೋಗುವಾಗ ಅವರನ್ನೂ ಕರ್ಕೊಂಡು ಹೋಗಿ, ಡಾಕ್ಟರ್ ಬಾಯಿಂದ ಅವರೇ ಕೇಳಿಸ್ಕೊಳ್ಳಲಿ.

ಪ್ರಶ್ನೆ: ನಮ್ಮಜ್ಜಿ ಕೊರೋನಾ ಟೈಮಲ್ಲಿ ಜೀಪ್ ಸೌಂಡ್ ಕೇಳಿದ್ರೆ ಸಾಕು ಹಿತ್ತಲಿಂದ ಜೋಳದ ಹೊಲಕ್ಕೆ ಓಡಿ ಹೋಗ್ತಿದ್ರು, ಕೊನೆಗೂ ಹಾಕಿಸ್ಕೊಳ್ಳಲೇ ಇಲ್ಲ. ಈಗ 80 ಹತ್ರ, ಶುಗರ್ ಇದೆ, ಹೆಬ್ಬೆರಳಿಗೆ ಗಾಯ ಆಗಿ ಎರಡು ವಾರ ಆದ್ರೂ ಒಣಗ್ತಿಲ್ಲ, ಸೂಜಿ ಅಂದ್ರೆ ಊಟಾನೇ ಬಿಡ್ತಾರೆ. ಎಷ್ಟು ಬುದ್ಧಿ ಹೇಳಿದ್ರೂ ಕೇಳಲ್ಲ. ಹೆಂಗೆ ಒಪ್ಸೋದು ಮೇಡಂ?
(ಡಿಗ್ರಿ ವಿದ್ಯಾರ್ಥಿ, ಹಿರಿಯೂರು)

ಉತ್ತರ: ನಮ್ಮ ಏರಿಯಾದಲ್ಲೂ ಒಬ್ಬರು ಅಜ್ಜಿ ಇದ್ರು ಕಣಪ್ಪ, ಥೇಟ್ ಹಂಗೇ. ಮೂರು ಸಲ ಹೋದ್ವಿ, ಮೂರು ಸಲಾನೂ ಬಾಗಿಲಿಗೆ ಚಿಲಕ. ನಾಲ್ಕನೇ ಸಲ ಜೀಪ್ ಊರಾಚೆ ನಿಲ್ಲಿಸಿ, ನಾನು ಆಶಾ ಇಬ್ರೇ ಆ ನೀಲಿ ಬಾಕ್ಸ್ ಹೆಗಲಿಗೆ ಹಾಕ್ಕೊಂಡು ನಡ್ಕೊಂಡು ಹೋದ್ವಿ. ಅಜ್ಜಿ ಜಗಲೀಲಿ ಅವರೆಕಾಯಿ ಸುಲೀತಿದ್ರು. ಲಸಿಕೆ ಸುದ್ದೀನೇ ಎತ್ಲಿಲ್ಲ, ನಾನೂ ಕೂತು ಸುಲಿದೆ. ಅವರ ಎಡತೋಳಲ್ಲಿ ಎರಡು ದುಂಡನೇ ಗುರುತಿತ್ತು, ನಾಣ್ಯದಷ್ಟಗಲ, ಒಳಗೆ ಸುಕ್ಕು. ಇದು ಯಾವಾಗಿಂದವ್ವ ಅಂದೆ. ದಾಕು ಅಂದ್ರು. ಚಿಕ್ಕೋಳಿದ್ದಾಗ ಸಿಡುಬಿಗೆ ದಾಕು ಹಾಕೋಕೆ ಬಂದೋರು ಕೈಕಾಲು ಹಿಡ್ಸಿ, ಸೂಜಿ ಇಟ್ಟು ಚರ್ಮದ ಮೇಲೆ ಗಿರ್ ಅಂತ ತಿರುಗಿಸಿದ್ರಂತೆ, ಕೀವಾಗಿ ಒಂದು ತಿಂಗಳು ತೋಳು ಎತ್ತೋಕಾಗಿರ್ಲಿಲ್ವಂತೆ. ಆಮೇಲೆ ಮದುವೆ ಆಗಿ ಬಂದ್ಮೇಲೆ ಎಮರ್ಜೆನ್ಸಿ. ಮಕ್ಕಳಾಗದ ಹಂಗೆ ಆಪರೇಷನ್ ಮಾಡೋಕೆ ಜೀಪ್ ಬಂತು ಅಂದ್ರೆ ಊರ ಗಂಡಸ್ರೆಲ್ಲ ಹೊಲಕ್ಕೆ, ಇವರ ಗಂಡ ಒಂದು ರಾತ್ರಿ ಪೂರ್ತಿ ಕಬ್ಬಿನ ಗದ್ದೇಲಿ ಕೂತಿದ್ರಂತೆ, ಚಳಿಗಾಲ. ನಾನು ಮೂರು ಸಲ ಜೀಪಲ್ಲಿ ಬಂದಿದ್ನಲ್ಲ ಅಂತ ನನಗೆ ಆಗ ಹೊಳೀತು.

ಸಿಡುಬು ಈಗ ಎಲ್ಲವ್ವ ಅಂದೆ. ಇಲ್ಲ ಅಂದ್ರು. ಸ್ವಲ್ಪ ಹೊತ್ತು ಸುಮ್ನಿದ್ದು, ಇದೂ ಗಿರ್ ಅಂತ ತಿರುಗುಸ್ತೀರಾ ಅಂತ ಕೇಳಿದ್ರು. ಬಾಕ್ಸ್ ತೆಗೆದು ಬಾಟ್ಲು ತೋರಿಸ್ದೆ, ಐಸ್‌ಪ್ಯಾಕ್ ತಣ್ಣಗಿರೋದನ್ನ ಮುಟ್ಟಿ ನೋಡಿದ್ರು, ಸಿರಿಂಜ್ ಪ್ಯಾಕೆಟ್ ಅವರ ಕೈಲೇ ಹರಿಸ್ದೆ, ಅರ್ಧ ಎಂಎಲ್ ಅಂದ್ರೆ ಇಷ್ಟೇ ನೋಡಿ ಅಂದೆ. ಇಷ್ಟೇನಾ ಅಂದ್ರು. ಆದ್ರೆ ಇನ್ನೊಂದು ಕಷ್ಟ ಇತ್ತು, ಒಂದು ಬಾಟ್ಲಲ್ಲಿ ಹತ್ತು ಡೋಸ್, ಬಿಚ್ಚಿದ್ರೆ ನಾಲ್ಕು ಗಂಟೆ ಒಳಗೆ ಮುಗಿಸ್ಬೇಕು, ಒಬ್ಬರಿಗೋಸ್ಕರ ಬಿಚ್ಚೋ ಹಂಗಿಲ್ಲ. ಅದನ್ನೂ ಇದ್ದಂಗೇ ಹೇಳಿದೆ. ಅಜ್ಜಿ ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದು, ಕೋಲೂರ್ಕೊಂಡು ಬೀದಿ ತುದಿವರೆಗೂ ಹೋಗಿ ಕೂಗಿ ಕೂಗಿ ಹನ್ನೊಂದು ಜನ ಕರ್ಕೊಂಡು ಬಂದ್ರು. ಮೊದಲು ತಾವೇ ಕೂತ್ರು.

ನೀನು ಬುದ್ಧಿ ಹೇಳೋದು ನಿಲ್ಲಿಸಿ ಅಜ್ಜಿ ತೋಳು ಮುಟ್ಟಿ ನೋಡು, ಗುರುತಿದೆಯಾ ಕೇಳು, ಯಾಕೆ ಓಡಿ ಹೋಗ್ತಿದ್ರಿ ಅಂತ ಕೇಳು, ಮಧ್ಯ ಮಾತಾಡ್ಬೇಡ. ಆದ್ರೆ ಆ ಹೆಬ್ಬೆರಳಿಗೆ ಕಾಯೋ ಟೈಮಿಲ್ಲ. ಶುಗರ್ ಇರೋರ ಕಾಲಲ್ಲಿ ಎರಡು ವಾರ ಒಣಗದ ಗಾಯ ಸಣ್ಣದಲ್ಲ, ನೋವಿಲ್ಲ ಅಂತ ಅವರಂದ್ರೆ ಅದು ಇನ್ನೂ ಕೆಟ್ಟದು, ನರ ಸತ್ತಿರುತ್ತೆ. ಸುತ್ತ ಕಪ್ಪಾಗಿದ್ಯಾ, ವಾಸನೆ ಇದ್ಯಾ ನೋಡು. ಸೂಜಿ ಹಾಕ್ಸೋಕೆ ಅನ್ಬೇಡ, ಕಾಲು ತೋರ್ಸೋಕೆ ಅಂತ ನಾಳೆ ಬೆಳಿಗ್ಗೇನೇ ಆಸ್ಪತ್ರೆಗೆ ಕರ್ಕೊಂಡು ಹೋಗು, ಅಲ್ಲಿ ಏನೇ ಚುಚ್ಚೋದಿದ್ರೂ ಮೊದಲು ಅಜ್ಜಿಗೆ ತೋರಿಸಿ ಆಮೇಲೆ ಚುಚ್ಚಿ ಅಂತ ಸಿಸ್ಟರಿಗೆ ನೀನೇ ಹೇಳು. ಆಟೋದಲ್ಲಿ ಹೋಗಿ, ಜೀಪ್ ಬೇಡ.